ಕೋಡಂಗಿಗೊಂದು ಜಾಗ

ತಂಗಿಯ ಮಗಳು ಎಂಎಸ್ಸಿ ಓದಲೆಂದು ಸ್ಕಾಟ್ಲೆಂಡಿಗೆ ಹೋಗಿ ಏಳು ದಿನವಾಗಿತ್ತು. ರಾತ್ರಿ ಫೋನು ಮಾಡಿದಳು. ವಿಶ್ವವಿದ್ಯಾಲಯದವರು ಕೊಟ್ಟ ಬಟ್ಟೆಚೀಲವನ್ನು ಕ್ಯಾಮೆರಾದ ಎದುರು ಸುರಿದು ತೋರಿಸಿದಳು: ಪೆನ್ನುಗಳು, ಪಿಜ್ಜಾ ಕೂಪನ್ನು, ಇಪ್ಪತ್ತಕ್ಕೂ ಹೆಚ್ಚು ಸಂಘಗಳ ಕರಪತ್ರ, ಒಂದು ನೀರಿನ ಬಾಟಲಿ. ಆಮೇಲೆ ನಮ್ಮೂರ ಮಾತಿಗೆ ಇಳಿದಳು. “ಮಾವಾ, ನಾನ್ ನಲ್ವತ್ ಜನಕ್ಕೆ ಹೆಸ್ರ್ ಹೇಳದ್ದೇ ಆಯ್ತ್. ಒಂದ್ ಕೆಲ್ಸ ಯಾರೂ ಹೇಳ್ಲಿಲ್ಲ.”

ಉಡುಪಿ ಸೀಮೆಯ ಕೋಟದ ಹುಡುಗಿಯ ಬಾಯಲ್ಲಿ ಈ ಮಾತು ಬಂದದ್ದು ನನಗೆ ಆಶ್ಚರ್ಯವಲ್ಲ. ನಮ್ಮಲ್ಲಿ ಮದುವೆಮನೆಗೆ ಹೋದವರನ್ನು ಹತ್ತು ನಿಮಿಷ ಕುರ್ಚಿಯಲ್ಲಿ ಕೂರಗೊಟ್ಟರೆ ಹೆಚ್ಚು. ನೀರಿನ ಜಗ್ಗು ಕೈಗೆ ಬರುತ್ತದೆ, ಇಲ್ಲವೇ ಬಾಳೆಲೆಯ ಕಟ್ಟು. ಬಡಿಸಲು ನಿಂತವನ ಹೆಸರು ಪಂಕ್ತಿಯಲ್ಲಿ ಕೂತವರಿಗೆ ಮೂರನೇ ಸುತ್ತಿನ ಹೊತ್ತಿಗೆ ತಾನಾಗಿ ಗೊತ್ತಾಗಿರುತ್ತದೆ. ಮೊದಲು ಕೆಲಸ, ಆಮೇಲೆ ಹೆಸರು. ವಿಶ್ವವಿದ್ಯಾಲಯದ ಮೊದಲ ವಾರ ನಡೆಯುವುದು ಇದರ ತಲೆಕೆಳಗಿನ ಕ್ರಮದಲ್ಲಿ. ಆ ಕ್ರಮವೇ ತಪ್ಪು ಎಂದು ನನಗೆ ಅನ್ನಿಸಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವನು ನಾನು. ಅಂಥ ಸ್ವಾಗತ ಕಾರ್ಯಕ್ರಮಗಳ ವೇದಿಕೆಯ ಮೇಲೆ ಎಷ್ಟೋ ಸಲ ಕೂತಿದ್ದೇನೆ. ಹಾಗಾಗಿ ಈ ಮಾತು ನನಗೂ ತಾಗುತ್ತದೆ.

ಬ್ರಿಟನ್ನಿನಲ್ಲಿ ಇದಕ್ಕೆ ಫ್ರೆಶರ್ಸ್ ವೀಕ್ ಎನ್ನುತ್ತಾರೆ. ಹೆಚ್ಚಾಗಿ ಸೆಪ್ಟೆಂಬರಿನಲ್ಲಿ, ಪಾಠ ಶುರುವಾಗುವ ಮುಂಚಿನ ವಾರ. ವಿದ್ಯಾರ್ಥಿ ಸಂಘದವರು ದೊಡ್ಡ ಹಾಲಿನಲ್ಲಿ ಸಾಲಾಗಿ ಮೇಜು ಹಾಕುತ್ತಾರೆ. ಪರ್ವತಾರೋಹಣ, ನಾಟಕ, ಚರ್ಚಾಕೂಟ, ಚೆಸ್ಸು, ಎಲ್ಲದಕ್ಕೂ ಒಂದೊಂದು ಸಂಘ. ಸಂಜೆ ಸಂಗೀತ, ಕುಣಿತ, ಪಾನೀಯ. ಇದರ ಹಿಂದಿನ ಉದ್ದೇಶ ಒಳ್ಳೆಯದು, ಅದರಲ್ಲಿ ನನಗೆ ಸಂಶಯವಿಲ್ಲ. ಒಂಟಿಯಾಗಿ ಬಂದ ಹದಿನೆಂಟರ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಕೂರಬಾರದೆಂದು ಯೋಚಿಸಿ ಮಾಡಿದ ಏರ್ಪಾಡು ಅದು. ಆದರೆ ಅದು ಹೊಂದುವುದು ಆ ಊರಿನ ಸಂತೆಯ ಪರಿಚಯ ಮೊದಲೇ ಇದ್ದವರಿಗೆ. ಕುಂದಾಪುರದಿಂದಲೋ ಬೈಂದೂರಿನಿಂದಲೋ ಹೋದವರಿಗೆ ಅದೇ ವಾರದಲ್ಲಿ ಬ್ಯಾಂಕು, ಬಾಡಿಗೆ ಕರಾರು, ವೈದ್ಯರ ನೋಂದಣಿ, ಸಿಮ್ಮು ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಿರುತ್ತವೆ. ವೀಸಾ ತಡವಾಗಿ ಬಂದವರು ಆ ವಾರ ಮುಗಿದ ಮೇಲೆಯೇ ಇಳಿಯುತ್ತಾರೆ. ಜರ್ಮನಿಗೆ ಹೋಗುವವರ ಕಥೆ ಇನ್ನೂ ಬಿಗಿ. 2024ರ ಸೆಪ್ಟೆಂಬರಿನಿಂದ ವರ್ಷದ ಖರ್ಚಿಗೆಂದು 11,904 ಯೂರೋ ಮೊದಲೇ ಖಾತೆಯಲ್ಲಿ ಕಟ್ಟಿಟ್ಟು ತೋರಿಸಬೇಕು. ಹೋದ ಮೇಲೆ ವಾಸದ ವಿಳಾಸವನ್ನು ನಗರ ಕಚೇರಿಯಲ್ಲಿ ಬರೆಸಬೇಕು. ಅಪ್ಪ ಜಾಗ ಅಡವಿಟ್ಟು ಹೊಂದಿಸಿದ ಹಣದ ಲೆಕ್ಕ ತಲೆಯಲ್ಲಿ ತಿರುಗುತ್ತಿರುವಾಗ ಯಾರೋ ಬಂದು ‘ನಿನ್ನ ಹವ್ಯಾಸ ಏನು’ ಎಂದು ಕೇಳಿದರೆ ಮಗುವಿಗೆ ಉತ್ತರ ಎಲ್ಲಿಂದ ಬರಬೇಕು?

ಆ ಏರ್ಪಾಡಿನ ಮುಖ್ಯ ದೋಷ ಮಾತ್ರ ಬೇರೆ. ಅಲ್ಲಿ ಹೊಸಬ ಮೊದಲ ದಿನವೇ ಪೂರ್ತಿ ವೇಷ ಕಟ್ಟಿಕೊಂಡು ರಂಗಕ್ಕೆ ಬರಬೇಕು. ಎದ್ದು ನಿಲ್ಲು, ಹೆಸರು ಹೇಳು, ಚುರುಕಾಗಿ ನಗಿಸು, ಯಾವ ಗುಂಪಿನವನೆಂದು ಆರಿಸಿಕೊ. ತಪ್ಪು ಮಾಡಲು, ತಡವರಿಸಲು, ಸುಮ್ಮನೆ ಇನ್ನೊಬ್ಬರ ಪಕ್ಕದಲ್ಲಿ ನಿಂತು ನೋಡಲು ಅಲ್ಲಿ ಜಾಗವಿಲ್ಲ.

ನಮ್ಮ ಯಕ್ಷಗಾನದಲ್ಲಿ ಆ ಜಾಗ ಇತ್ತು. ಅದಕ್ಕೆ ಹೆಸರೂ ಇತ್ತು: ಕೋಡಂಗಿ. ಪೇಟೆಯ ಮಾತಿನಲ್ಲಿ ಅದು ಬೈಗುಳವಾಗಿದೆ, ಮೇಳದಲ್ಲಿ ಅದು ಪ್ರವೇಶದ ಬಾಗಿಲು. ಸಾಂಪ್ರದಾಯಿಕ ಬಯಲಾಟದಲ್ಲಿ ಪ್ರಸಂಗ ಶುರುವಾಗುವ ಮುಂಚೆ ಪೂರ್ವರಂಗ ನಡೆಯುತ್ತದೆ. ಜನ ಇನ್ನೂ ಕಂಬಳಿ, ಚಾಪೆ ಹಿಡಿದು ಬರುತ್ತಿರುತ್ತಾರೆ, ಕಡಲೆಯವನು ಗಾಡಿ ನಿಲ್ಲಿಸುತ್ತಿರುತ್ತಾನೆ. ಆ ಹೊತ್ತಿನಲ್ಲಿ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಸರಳವಾದ ವೇಷದಲ್ಲಿ ರಂಗಕ್ಕೆ ಬಂದು ಹೆಜ್ಜೆ ಹಾಕುತ್ತಾರೆ. ತಾಳ ತಪ್ಪಿದರೆ ನೋಡುವವರು ಕಡಿಮೆ, ತಿದ್ದುವ ಭಾಗವತರು ಬೆನ್ನ ಹಿಂದೆಯೇ ಇರುತ್ತಾರೆ. ಕೋಡಂಗಿಯಲ್ಲಿ ಕಾಲು ಕೂತ ಮೇಲೆ ಬಾಲಗೋಪಾಲ, ಆಮೇಲೆ ಪೀಠಿಕಾ ಸ್ತ್ರೀವೇಷ, ಹೀಗೆ ಮೇಲೆ ಮೇಲೆ. ಮುಂದೆ ಎರಡನೇ ವೇಷದಂಥ ಮುಖ್ಯ ವೇಷ ಕಟ್ಟಿ ಸಾವಿರಾರು ಜನರನ್ನು ಬೆಳಗಿನವರೆಗೆ ಕೂರಿಸಿದ ಕಲಾವಿದರೂ ಬಂದದ್ದು ಇದೇ ಬಾಗಿಲಿನಿಂದ.

ರಂಗಕ್ಕೆ ಬರುವ ಮುಂಚೆ ಚೌಕಿ, ವೇಷ ಕಟ್ಟುವ ಜಾಗ. ನಮ್ಮ ಕಡೆಯ ಬಡಗುತಿಟ್ಟು ಶೈಲಿಯ ಮುಂಡಾಸನ್ನು ಪೆಟ್ಟಿಗೆಯಿಂದ ತೆಗೆದು ತಲೆಗೆ ಇಟ್ಟುಕೊಳ್ಳಲಾಗುವುದಿಲ್ಲ. ಪ್ರತಿ ರಾತ್ರಿ ಹೊಸದಾಗಿ ಕಟ್ಟಬೇಕು. ಸುತ್ತು ಸುತ್ತಾಗಿ ಬಟ್ಟೆ ಬಿಗಿಯುತ್ತ ಬರುವಾಗ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಮಂದಾರ್ತಿ ಮೇಳದ ಆಟದ ಚೌಕಿಯಲ್ಲಿ, ಲಾಟೀನಿನ ಬೆಳಕಿನಲ್ಲಿ, ಹಾಗೆ ಬಟ್ಟೆಯ ತುದಿ ಹಿಡಿದು ನಿಂತ ನನ್ನ ವಯಸ್ಸಿನ ಹುಡುಗನೊಬ್ಬನನ್ನು ಬಹಳ ಹೊತ್ತು ನೋಡಿದ್ದೇನೆ. ಹಿರಿಯ ವೇಷಧಾರಿ ಕನ್ನಡಿಯಿಂದ ಕಣ್ಣು ತೆಗೆಯದೆ “ಬಿಡ್ಬೇಡ” ಎಂದಷ್ಟೇ ಹೇಳಿದರು. ಅವನು ಬಿಡಲಿಲ್ಲ. ಬೆರಳ ತುದಿ ಬಿಳಿಚಿಕೊಂಡಿತ್ತು. ಆ ಹುಡುಗ ಆ ಮೇಳದವನೇ ಎಂದು ಯಾರಿಗಾದರೂ ಬೇರೆ ಹೇಳಬೇಕಾಗಿತ್ತೇ?

ಪರದೇಶದಿಂದ ನಮ್ಮಲ್ಲಿಗೆ ಕಲಿಯಲು ಬಂದವರೂ ಈ ದಾರಿಯಲ್ಲಿ ನಡೆದದ್ದುಂಟು. ಅಮೆರಿಕದ ಮಾರ್ಥಾ ಆಶ್ಟನ್ ಉಡುಪಿಗೆ ಬಂದು ಬಡಗುತಿಟ್ಟನ್ನು ಕಲಿತರು. ಮದ್ದಲೆಯ ಹಿರಿಯಡ್ಕ ಗೋಪಾಲ ರಾಯರಂಥವರ ಮುಂದೆ ಕೂತು ಕಲಿತು, ಬ್ರೂಸ್ ಕ್ರಿಸ್ಟಿ ಅವರ ಜೊತೆ ಇಂಗ್ಲಿಷಿನಲ್ಲಿ ಯಕ್ಷಗಾನದ ಬಗ್ಗೆ ಬರೆದ ಪುಸ್ತಕ 1977ರಲ್ಲಿ ಅಚ್ಚಾಯಿತು. ಮೇಳಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲದ ಕಾಲ ಅದು. ಎಂಜಿಎಂ ಕಾಲೇಜಿನ ಆಶ್ರಯದಲ್ಲಿ 1970ರ ದಶಕದ ಆರಂಭದಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಬ್ರಹ್ಮಾವರ ಸೀಮೆಯ ಮಟಪಾಡಿ ಶೈಲಿಯ ಗುರು ವೀರಭದ್ರ ನಾಯಕರು ಹೆಜ್ಜೆ ಹೇಳಿಕೊಟ್ಟರು. ಮುಂದೆ ಬನ್ನಂಜೆ ಸಂಜೀವ ಸುವರ್ಣರ ಬಳಿ ಜರ್ಮನಿಯ ಕಾತ್ರಿನ್ ಬಿಂಡರ್ ಕಲಿತರು. ಯಾವ ದೇಶದಿಂದ ಬಂದರೂ ಅಲ್ಲಿ ಮೊದಲು ಹಾಕಬೇಕಾದದ್ದು ಅದೇ ಮೊದಲ ಹೆಜ್ಜೆ. ಪಕ್ಕದಲ್ಲಿ ಅದನ್ನೇ ತಪ್ಪಾಗಿ ಹಾಕುವ ಹಳ್ಳಿಯ ಹುಡುಗನೊಬ್ಬ ಇರುತ್ತಾನೆ. ಇಬ್ಬರೂ ಸೇರಿ ತಪ್ಪುವುದರಲ್ಲಿ ಬೆಳೆಯುವ ಸಲುಗೆ ಇಪ್ಪತ್ತು ಸ್ವಾಗತ ಭಾಷಣದಲ್ಲಿ ಬೆಳೆಯುವುದಿಲ್ಲ.

ಹೀಗೆಂದು ಚೌಕಿಯನ್ನು ಪೂಜೆಗೆ ಇಡುವುದು ಬೇಡ. ಅಲ್ಲಿ ಹಿರಿಯರ ದರ್ಪ ಇತ್ತು, ಜಾತಿಯ ಗೆರೆ ಇತ್ತು, ಹೆಂಗಸರಿಗೆ ಬಾಗಿಲು ಮುಚ್ಚಿತ್ತು. ಹೊಸಬನಿಗೆ ಕೆಲಸ ಹೇಳುವುದಕ್ಕೂ ಹೊಸಬನನ್ನು ಚಾಕರಿಗೆ ಹಚ್ಚುವುದಕ್ಕೂ ನಡುವೆ ಇರುವ ಅಂತರ ಕೂದಲೆಳೆಯಷ್ಟು. ನಮ್ಮ ಕಾಲೇಜು ಹಾಸ್ಟೆಲುಗಳಲ್ಲಿ ಆ ಎಳೆ ಹರಿದು ರ್‍ಯಾಗಿಂಗ್ ಆಯಿತು. ‘ಪರಿಚಯ ಮಾಡಿಕೊಳ್ಳುವುದು’ ಎಂಬ ಹೆಸರಿನಲ್ಲೇ ಎಷ್ಟೋ ಮಕ್ಕಳ ಬದುಕು ಹಾಳಾಯಿತು. ನಾನು ಕೆಲಸ ಮಾಡಿದ ಒಂದು ಕಡೆ ಮಲೆನಾಡಿನಿಂದ ಬಂದಿದ್ದ ಹುಡುಗನೊಬ್ಬ ಎಂಟನೇ ದಿನ ಟ್ರಂಕು ಹೊತ್ತು ಮನೆಗೆ ಹೊರಟುಹೋದ. ಏನಾಯಿತೆಂದು ನಾವು ಯಾರೂ ಅವನನ್ನು ಕೂರಿಸಿ ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆಯೇ ರ್‍ಯಾಗಿಂಗ್ ನಿಷೇಧಿಸಿತ್ತು. ಯುಜಿಸಿ 2009ರಲ್ಲಿ ಕಟ್ಟುನಿಟ್ಟಾದ ನಿಯಮ ತಂದಿತು. ಅದು ಆಗಲೇಬೇಕಾದ ಕೆಲಸ. ಆದರೆ ಹಿರಿಯ ಕಿರಿಯರ ನಡುವೆ ತೆರವಾದ ಜಾಗಕ್ಕೆ ನಾವು ತಂದು ಹಾಕಿದ್ದು ವೇದಿಕೆ, ಹೂಗುಚ್ಛ, ಪವರ್‌ಪಾಯಿಂಟ್. ಹಿರಿಯ ವಿದ್ಯಾರ್ಥಿ ಹೊಸಬನ ಹತ್ತಿರ ಸುಳಿಯಲೇ ಹೆದರುವ ಹಾಗಾಯಿತು.

ಹೊಸಬರು ಹೀಗೆ ಹೊರಗೇ ಉಳಿಯುವುದಕ್ಕೆ ನಮ್ಮ ಕಣ್ಣೆದುರಿನ ದೊಡ್ಡ ಉದಾಹರಣೆ ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದಾಗಿನಿಂದ ಹೊರಗಿನ ಮಕ್ಕಳು ಬರುತ್ತಲೇ ಇದ್ದಾರೆ. 1997ರಲ್ಲಿ ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಮಲೇಷಿಯಾದ ಹುಡುಗ ಹುಡುಗಿಯರು ಎಂಬಿಬಿಎಸ್‌ನ ಮೊದಲ ಎರಡೂವರೆ ವರ್ಷ ಇಲ್ಲಿ ಓದಿ, ಉಳಿದದ್ದನ್ನು ತಮ್ಮ ದೇಶದಲ್ಲಿ ಮುಗಿಸುವ ಏರ್ಪಾಡು ಬಂತು. ಎಷ್ಟು ತಂಡಗಳು ಬಂದು ಹೋದವು! ನಮ್ಮ ಬ್ರಹ್ಮಾವರದಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಆದರೂ ಆ ಮಕ್ಕಳಲ್ಲಿ ಒಬ್ಬರಾದರೂ ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂದು ಲೋಟ ಬೆಲ್ಲದ ನೀರು ಕುಡಿದಿದ್ದಾರೆಯೇ ಎಂದು ಕೇಳಿಕೊಂಡರೆ ಇಲ್ಲ ಎಂಬುದೇ ಉತ್ತರ. ನಾವು ಅವರನ್ನು ಮಲ್ಪೆಯ ಕಡಲತೀರದಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ನೋಡಿದೆವು, ‘ಫಾರಿನ್ನಿನವರು’ ಎಂದು ದಾರಿ ಬಿಟ್ಟೆವು, ಬಾಡಿಗೆ ಪಡೆದೆವು. ತಪ್ಪನ್ನು ವಿಶ್ವವಿದ್ಯಾಲಯದ ತಲೆಗೆ ಕಟ್ಟಿ ನಾವು ಜಾರಿಕೊಳ್ಳುವಂತಿಲ್ಲ.

ಈ ದಿಕ್ಕಿನಲ್ಲಿ ನಾನು ಮೆಚ್ಚಿದ ಒಂದು ಬದಲಾವಣೆ ಇದೆ. 2019ರಲ್ಲಿ ದೇಶದ ವೈದ್ಯಕೀಯ ಕಾಲೇಜುಗಳಿಗೆ ಬಂದ ಹೊಸ ಪಠ್ಯಕ್ರಮ ಮೊದಲ ತಿಂಗಳನ್ನು ಫೌಂಡೇಶನ್ ಕೋರ್ಸಿಗೆ ಇಟ್ಟಿತು. ಸ್ಥಳೀಯ ಭಾಷೆಯೂ ಅದರ ಭಾಗ. ವೈದ್ಯನಾಗುವವನಿಗೆ ಭಾಷೆ ಅಲಂಕಾರವಲ್ಲ. ಹೊಟ್ಟೆ ಹಿಡಿದು ಬಂದ ಶಂಕರನಾರಾಯಣ ಎಂಬ ಊರಿನ ಅಜ್ಜಿಗೆ “ಎಲ್ಲಿ ನೋವು, ಎಷ್ಟು ದಿನದಿಂದ” ಎಂದು ಕೇಳಲೇಬೇಕು. ಅಜ್ಜಿ ಕುಂದಾಪ್ರ ಕನ್ನಡದಲ್ಲಿ ಕೊಡುವ ಉತ್ತರ ಪುಸ್ತಕದ ಕನ್ನಡದಲ್ಲಿ ಇರುವುದಿಲ್ಲ, ಆಗ ಅವನು ಪಕ್ಕದ ದಾದಿಯನ್ನು ಕೇಳಬೇಕು. ಕೆಲಸದ ಅಗತ್ಯ ಹುಟ್ಟಿದ ಕೂಡಲೇ ಮೂರು ಜನರ ನಡುವೆ ಮಾತು ಹುಟ್ಟಿತು. ಎಂಜಿನಿಯರಿಂಗ್, ಮ್ಯಾನೇಜ್ಮೆಂಟ್ ಓದುವವರಿಗೆ ಈ ಒತ್ತಾಯವಿಲ್ಲ. ಅವರು ನಾಲ್ಕು ವರ್ಷ ಇದ್ದು ‘ಸ್ವಲ್ಪ ಸ್ವಲ್ಪ’ ಎಂಬಷ್ಟೇ ಕನ್ನಡ ಕಲಿತು ಹೋಗುತ್ತಾರೆ.

ಇನ್ನು ಹೊರದೇಶದಲ್ಲಿ ನಮ್ಮವರೇ ನಮ್ಮವರಿಗಾಗಿ ಮಾಡಿಕೊಂಡ ಏರ್ಪಾಡು. ಹೋಗುವ ಎರಡು ತಿಂಗಳ ಮುಂಚೆಯೇ ವಾಟ್ಸಾಪ್ ಗುಂಪು ಸಿದ್ಧ. ವಿಮಾನ ನಿಲ್ದಾಣಕ್ಕೆ ಬಂದು ಪೆಟ್ಟಿಗೆ ಎತ್ತುವವರು, ಮೊದಲ ರಾತ್ರಿಗೆ ಚಾಪೆ ಕೊಡುವವರು, ಸಾರು ಅನ್ನ ಹಾಕುವವರು, ಎಲ್ಲರೂ ಆ ಗುಂಪಿನಲ್ಲಿ ಸಿಗುತ್ತಾರೆ. ವಿಶ್ವವಿದ್ಯಾಲಯ ಮಾಡಲಾರದ್ದನ್ನು ಈ ಮಕ್ಕಳು ಸಂಬಳವಿಲ್ಲದೆ ಮಾಡುತ್ತಿದ್ದಾರೆ, ಅದಕ್ಕೆ ನನ್ನ ಮನಸ್ಸು ತುಂಬಿ ಬರುತ್ತದೆ. ಮೊದಲ ಮೂರು ದಿನಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎಂಟನೇ ದಿನಕ್ಕೆ ಮಾತ್ರ ಅದೇ ಆಸರೆ ಗೋಡೆಯಾಗತೊಡಗುತ್ತದೆ. ಊಟ ಅವರ ಜೊತೆ, ಸಿನಿಮಾ ಅವರ ಜೊತೆ, ತರಗತಿಯಲ್ಲಿ ಕೂರುವುದೂ ಅವರ ಪಕ್ಕ. ಹೀಗೆ ವರ್ಷ ಕಳೆದು, ಇದ್ದ ಊರಿನ ಒಬ್ಬರ ಮನೆಯ ಅಡುಗೆ ವಾಸನೆಯೂ ಗೊತ್ತಿಲ್ಲದೆ ಮರಳಿದವರನ್ನು ನಾನು ಬಲ್ಲೆ. ಮಣಿಪಾಲದ ಮಲೇಷಿಯಾದ ಮಕ್ಕಳಿಗೂ ಸ್ಕಾಟ್ಲೆಂಡಿನ ಕುಂದಾಪುರದ ಮಕ್ಕಳಿಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ತಂಗಿಯ ಮಗಳಿಗೆ ಬಾಗಿಲು ತೆರೆದದ್ದು ಕುಚ್ಚಲಕ್ಕಿ. ಊರಿಂದ ಎರಡು ಕಿಲೋ ಕಟ್ಟಿಕೊಂಡು ಹೋಗಿದ್ದಳು. ಕುಕ್ಕರ್ ಒಯ್ದಿರಲಿಲ್ಲ. ಎಂಟು ಜನರಿಗೆ ಸೇರಿ ಒಂದು ಅಡುಗೆಮನೆ, ನಾಲ್ಕು ಒಲೆಯ ವಿದ್ಯುತ್ ತಟ್ಟೆ, ಅದರಲ್ಲಿ ಒಂದು ಕೆಟ್ಟಿತ್ತು. ಗಂಜಿಗೆ ಅಕ್ಕಿ ಇಟ್ಟರೆ ಮುಕ್ಕಾಲು ಗಂಟೆ ಆ ಒಲೆ ಅವಳದ್ದೇ. ಉಕ್ಕಿ ಚೆಲ್ಲುತ್ತದೆಂದು ಬಿಟ್ಟು ಹೋಗುವ ಹಾಗೂ ಇಲ್ಲ. ಎರಡನೇ ವಾರದ ಒಂದು ಸಂಜೆ ನೈಜೀರಿಯಾದ ಹುಡುಗಿಯೊಬ್ಬಳು ಪಾತ್ರೆ ಹಿಡಿದು ಕಾಯುತ್ತ ನಿಂತಳು. ಕಾದು ಕಾದು, “ಇದು ಅನ್ನವೇ ಹೌದೇ” ಎಂದು ಕೇಳಿದಳು. ಇವಳು ನಾಲ್ಕು ಅಗುಳು ತೆಗೆದು ಅವಳ ಅಂಗೈಗೆ ಹಾಕಿ, ಬೆಂದಿದೆಯೋ ನೋಡು ಎಂದಳು. ಆ ಹುಡುಗಿ ಬೆರಳಲ್ಲಿ ಹಿಸುಕಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಇನ್ನೂ ಹದಿನೈದು ನಿಮಿಷ. ತಮ್ಮಲ್ಲೂ ಅಕ್ಕಿಯನ್ನು ಹೀಗೆಯೇ ಹಿಸುಕಿ ನೋಡುತ್ತಾರೆ ಎಂದಳಂತೆ. ಅಂದಿನಿಂದ ಇವಳು ತರಗತಿಯಿಂದ ಬರುವುದು ತಡವಾದರೆ ಅವಳೇ ಅಕ್ಕಿ ತೊಳೆದು ಒಲೆಗೆ ಇಡತೊಡಗಿದಳು.

ಇಷ್ಟೆಲ್ಲ ಕಂಡ ಮೇಲೆ ಮಣಿಪಾಲಕ್ಕೂ ನಮ್ಮ ಕುಂದಾಪುರ, ಬ್ರಹ್ಮಾವರ, ಬೈಂದೂರಿನ ಊರುಗಳಿಗೂ ಕೇಳಬೇಕಾದ್ದೊಂದಿದೆ. ಪರದೇಶದ ಮಕ್ಕಳು ಬಂದಿಳಿಯುವ ತಿಂಗಳುಗಳಲ್ಲಿ ಇಲ್ಲಿ ಮಳೆಗಾಲವಾದ್ದರಿಂದ ಬಯಲಾಟ ನಿಂತಿರುತ್ತದೆ. ಆದರೆ ಸಂಜೆ ಹೊತ್ತು ಯಕ್ಷಗಾನದ ಪುಟ್ಟ ತಂಡವಾದ ಚಿಕ್ಕಮೇಳ ಮನೆಮನೆಗೆ ಬರುತ್ತದೆ, ನವರಾತ್ರಿಯಲ್ಲಿ ಪ್ರಸಂಗದ ತುಣುಕು ಹೇಳುವ ಹೂವಿನಕೋಲಿನ ಮಕ್ಕಳು ಬರುತ್ತಾರೆ. ಅವರು ಬರುವ ದಿನ ಚಾವಡಿ ಗುಡಿಸಬೇಕು, ದೀಪ ಹಚ್ಚಬೇಕು, ಚಾಪೆ ಹಾಸಬೇಕು, ಅವಲಕ್ಕಿ ಕಲಸಬೇಕು. ಹಾಸ್ಟೆಲಿನಿಂದ ಇಬ್ಬರನ್ನು ಕರೆದು, ಕೂರಿಸಿ ಹಾರ ಹಾಕದೆ, ಚಾಪೆಯ ಒಂದು ತುದಿ ಅವರ ಕೈಗೆ ಕೊಟ್ಟರೆ ಸಾಕು. ನಮ್ಮ ಮನೆಯಲ್ಲಿ ಈ ವರ್ಷ ಹಾಗೆ ಮಾಡಬೇಕೆಂದು ಮನೆಯವಳ ಹತ್ತಿರ ಹೇಳಿದ್ದೇನೆ.

ಮರುವರ್ಷದ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯದವರು ತಂಗಿಯ ಮಗಳನ್ನೇ ಸ್ವಯಂಸೇವಕಿಯಾಗಿ ನಿಲ್ಲಿಸಿದ್ದರು. ಎದೆಗೆ ಬಿಲ್ಲೆ, ಕೈಯಲ್ಲಿ ಹೊಸಬರ ಹೆಸರಿನ ಪಟ್ಟಿ. ಹೇಗಾಯಿತೆಂದು ಕೇಳಿದೆ. ಪಟ್ಟಿಯಲ್ಲಿದ್ದ ಆರು ಜನರನ್ನು ಸಂಜೆ ಅಡುಗೆಮನೆಗೆ ಕರೆದುಕೊಂಡು ಹೋದಳಂತೆ. ಒಬ್ಬ ಬಾಗಿಲಿನಿಂದಲೇ ಹಿಂದೆ ಹೋದ. ಉಳಿದ ಐವರಿಗೆ ಈರುಳ್ಳಿ ಹೆಚ್ಚಲು ಇದ್ದದ್ದು ಎರಡೇ ಚಾಕು, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕಾಯಿತು.

“ಹೆಸ್ರ್ ಕೇಂಡ್ಯಾ?” ಎಂದೆ.

“ಇಲ್ಲ ಮಾವಾ, ಉಂಡ್ ಆದ್ಮೇಲೆ ಕೇಂಡೆ.”