ಹೇಳುವ ಕಥೆ, ಬರೆಯುವ ಕಥೆ: ತರಗತಿಯ ಕಥನಕಲಿಕೆ ಕುರಿತು ಒಂದು ವಿವೇಚನೆ

ಶಾಲೆಯ ಕನ್ನಡ ತರಗತಿಯಲ್ಲಿ ಕಥಾರಚನೆಗೆ ಕೆಲವು ಪರಿಚಿತ ರೂಪಗಳಿವೆ: ಚಿತ್ರ ನೋಡಿ ಕಥೆ ಬರೆಯುವುದು, ಕೊಟ್ಟ ಸುಳಿವುಗಳನ್ನು ವಿಸ್ತರಿಸುವುದು, ಕೊನೆಯಲ್ಲಿ ನೀತಿಯನ್ನು ತಿಳಿಸುವುದು. ಇವುಗಳಲ್ಲಿ ಘಟನೆಗಳ ಜೊತೆಗೆ ತೀರ್ಮಾನವೂ ಮೊದಲೇ ನಿಗದಿಯಾಗಿರುತ್ತದೆ. ಮಗುವಿಗೆ ಉಳಿಯುವುದು ಬಿಟ್ಟ ಸ್ಥಳ ತುಂಬುವ ಕೆಲಸ ಮಾತ್ರ. ಮನೆಯಲ್ಲಿ ಸಲೀಸಾಗಿ ಕಥೆ ಹೇಳುವ ಮಗು ಬರೆಯಲು ಕುಳಿತಾಗ ನಾಲ್ಕು ವಾಕ್ಯಗಳಿಗೇ ನಿಂತುಬಿಟ್ಟರೆ, ಅದನ್ನು ಭಾಷೆಯ ಕೊರತೆಯೆಂದು ಭಾವಿಸುವುದುಂಟು. ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಕೊರತೆ ಇರುವುದು ಕೇಳುಗರದು.

ಮೌಖಿಕ ಪರಂಪರೆಯಲ್ಲಿ ಕಥೆ ಹೇಳುವವರಿಗೆ ‘ಹೂಂ’ಗುಟ್ಟುವವರು ಬೇಕು. ‘ಹೂಂ’ ಎಂಬ ಸದ್ದು ಕಥೆಯನ್ನು ಮುಂದಕ್ಕೆ ನಡೆಸುತ್ತದೆ. ಅದು ನಿಂತರೆ ಕಥೆಯೂ ನಿಲ್ಲುತ್ತದೆ. ತರಗತಿಯ ಬರವಣಿಗೆಯಲ್ಲಿ ಈ ಕೇಳುಗರ ಸ್ಥಾನಕ್ಕೆ ತಪ್ಪು ತಿದ್ದುವ ಪರೀಕ್ಷಕರು ಬರುತ್ತಾರೆ. ಆದ್ದರಿಂದ ಬರೆಸುವ ಮೊದಲು ಹೇಳಿಸುವುದು, ಸಹಪಾಠಿಗಳಿಂದ ‘ಆಮೇಲೆ?’, ‘ಯಾಕೆ?’ ಎಂದು ಕೇಳಿಸುವುದು ಕಥನಕಲಿಕೆಯ ಮೊದಲ ಹೆಜ್ಜೆಯಾಗಬೇಕು.

ಎರಡನೆಯದು ರಚನೆಯ ಪ್ರಶ್ನೆ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯನ್ ಅದ್ಭುತ ಕಥೆಗಳಿಂದ 31 ಕ್ರಿಯಾಘಟಕಗಳನ್ನು ಗುರುತಿಸಿದರು. ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ 1973ರ ತಮ್ಮ ಕೃತಿಯಲ್ಲಿ ಈ ಘಟಕಗಳನ್ನು ಮಕ್ಕಳು ಕಥೆ ಕಟ್ಟುವ ಚೀಟಿಗಳನ್ನಾಗಿಸುವ ಬಗೆಯನ್ನು ವಿವರಿಸಿದರು. ವಿದ್ಯುತ್ ಮಗ್ಗಗಳ ಊರಾದ ದೊಡ್ಡಬಳ್ಳಾಪುರದ ಮಕ್ಕಳಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಿಲ್ಲ. ಮಗ್ಗದ ಮೇಲೆ ಹಾಸು ಮೊದಲೇ ಸಿದ್ಧವಾಗಿರುತ್ತದೆ. ಹೊಕ್ಕು ಸೇರಿದಾಗಲೇ ಬಟ್ಟೆ. ಮನೆಯಿಂದ ಹೊರಡುವುದು, ದಾರಿಯಲ್ಲೊಂದು ನಿಷೇಧ, ಅದರ ಉಲ್ಲಂಘನೆ, ಮರಳಿ ಬರುವುದು: ಇದು ಹಾಸು. ಹೊಕ್ಕು ಮಗುವಿನದೇ ಆಗಿರಬೇಕು. ಒಬ್ಬರಿಗೆ ಅದು ಮಗ್ಗದ ಮನೆಯ ಸದ್ದಾದರೆ, ದೇವನಹಳ್ಳಿಯ ಇನ್ನೊಬ್ಬರಿಗೆ ಚಕ್ಕೋತದ ತೋಟವಿದ್ದ ಜಾಗದಲ್ಲಿ ಎದ್ದ ಬಡಾವಣೆಯಾಗಬಹುದು. ಸುಳಿವು ವಿಸ್ತರಿಸುವ ಅಭ್ಯಾಸ ಹಾಸು, ಹೊಕ್ಕು ಎರಡನ್ನೂ ತಾನೇ ಕೊಟ್ಟುಬಿಡುವುದರಿಂದ ಮಗುವಿಗೆ ನೇಯುವ ಅವಕಾಶವೇ ಉಳಿಯುವುದಿಲ್ಲ.

ಈ ಜಿಲ್ಲೆಯ ಅನೇಕ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು, ತಮಿಳು ಭಾಷೆಗಳು ಬಳಕೆಯಲ್ಲಿವೆ. ಮಗು ಅಜ್ಜಿಯಿಂದ ಕೇಳಿದ ಕಥೆ ಯಾವ ಮಾತಿನಲ್ಲಿದೆಯೋ ಅದರಲ್ಲೇ ಮೊದಲು ಹೊರಬರಲಿ. ಗ್ರಾಂಥಿಕ ರೂಪ ನಂತರದ ಕರಡಿನ ಕೆಲಸ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂಬ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಶಯಕ್ಕೆ ಇದು ಅನುಗುಣವಾಗಿದೆ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಇಲ್ಲಿನ ಹಳ್ಳಿಗಳ ಸ್ವರೂಪವೇ ಬದಲಾಗಿದೆ. ಕಥೆ ಹೇಳುವ ಜಗಲಿಗಳು ಕಡಿಮೆಯಾದಂತೆ ತರಗತಿಯ ಹೊಣೆ ಹೆಚ್ಚುತ್ತದೆ.

ಆದರೆ ಜನಪದ ಕಥೆಯನ್ನು ಮತ್ತೊಂದು ಕಡ್ಡಾಯ ಅಚ್ಚನ್ನಾಗಿಸಿದರೆ ಹಳೆಯ ದೋಷವೇ ಮರುಕಳಿಸುತ್ತದೆ. ಚೀಟಿಯ ಕ್ರಮವನ್ನು ಮುರಿಯುವ ಮಗುವಿಗೆ ಅಂಕ ಕಳೆಯುವುದಾದರೆ ಚೀಟಿಗೂ ಸುಳಿವಿಗೂ ವ್ಯತ್ಯಾಸವಿಲ್ಲ.

ಎ.ಕೆ. ರಾಮಾನುಜನ್ ಪ್ರಕಟಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ, ಹೆಂಗಸೊಬ್ಬಳು ತನಗೆ ಗೊತ್ತಿದ್ದ ಒಂದು ಕಥೆ, ಒಂದು ಹಾಡನ್ನು ಯಾರಿಗೂ ಹೇಳದೆ ಉಳಿಸಿಕೊಳ್ಳುತ್ತಾಳೆ. ಉಸಿರುಗಟ್ಟಿದ ಅವು ಅವಳ ಬಾಯಿಂದ ತಪ್ಪಿಸಿಕೊಂಡು ಜೋಡು, ಅಂಗಿಗಳಾಗಿ ಮನೆಯಲ್ಲಿ ಜಗಳ ತರುತ್ತವೆ. ಹೇಳದ ಕಥೆ ಸುಮ್ಮನಿರುವುದಿಲ್ಲವೆಂದು ಜನಪದರು ಬಲ್ಲರು. ಮಗುವಿನ ಹಾಳೆ ಖಾಲಿ ಉಳಿದಾಗ ತರಗತಿ ಮೊದಲು ಕೇಳಿಕೊಳ್ಳಬೇಕಾದುದು, ಅಲ್ಲಿ ‘ಹೂಂ’ಗುಟ್ಟುವವರು ಇದ್ದರೇ ಎಂಬ ಪ್ರಶ್ನೆಯನ್ನು.