ಕರಡಿನ ಅಂಚಿನಲ್ಲಿ

ಬರವಣಿಗೆ ಕಲಿಸುವುದು ಇಂಗ್ಲಿಷ್ ವಿಭಾಗದವರ ತಲೆನೋವು ಎಂದು ಉಳಿದವರು ಕೈತೊಳೆದುಕೊಳ್ಳುವುದು ವಿಶ್ವವಿದ್ಯಾಲಯಗಳ ಹಳೆಯ ಚಾಳಿ. ಅಮೆರಿಕದ ಕಾರ್ನೆಲ್ 1966ರಲ್ಲಿ ಆ ಹೊರೆಯನ್ನು ಹಲವು ವಿಭಾಗಗಳಿಗೆ ಹಂಚಿತು. ಇಂದಿಗೂ ಅಲ್ಲಿ ಹೊಸ ವಿದ್ಯಾರ್ಥಿಗಳು ಮಾನವಶಾಸ್ತ್ರದ್ದೋ ಸಂಗೀತದ್ದೋ ಪುಟ್ಟ ತರಗತಿಯಲ್ಲಿ ಕೂತು ಬರೆಯುತ್ತಾರೆ, ತಿದ್ದಿಸಿಕೊಳ್ಳುತ್ತಾರೆ, ಮತ್ತೆ ಬರೆಯುತ್ತಾರೆ. ನನಗೆ ಹಿಡಿಸುವುದು ಆ ‘ಮತ್ತೆ’. ಅದು ಹುಟ್ಟುವುದು ಕರಡಿನ ಅಂಚಿನಲ್ಲಿ ತಿದ್ದುವವರು ಬರೆದ ಒಂದು ಪ್ರಶ್ನೆಯಿಂದ: ಇದಕ್ಕೆ ಆಧಾರ ಎಲ್ಲಿ? ಇತಿಹಾಸದವರು ಕೇಳುವ ಆಧಾರ ಬೇರೆ, ತತ್ತ್ವಶಾಸ್ತ್ರದವರದು ಬೇರೆ. ವ್ಯಾಕರಣದ ಮೇಷ್ಟರೊಬ್ಬರೇ (ಪಾಪ, ಎಷ್ಟೇ ಒಳ್ಳೆಯವರಿರಲಿ) ಈ ವ್ಯತ್ಯಾಸವನ್ನು ಹೇಳಿಕೊಡಲಾರರು. ಈ ತರಗತಿಗಳನ್ನೆಲ್ಲ ಜೋಡಿಸುವ, ಕಾರ್ನೆಲ್‌ನದೇ ಆದ ನೈಟ್ ಸಂಸ್ಥೆಯ ದುಡಿಮೆ ಹೊರಗೆ ಕಾಣುವುದಿಲ್ಲ. ಪಾಠ ಹೇಳಲಿರುವ ಸಂಶೋಧನಾ ವಿದ್ಯಾರ್ಥಿಗಳಿಗೆ ತರಬೇತಿ ಕೊಡುವುದೂ ಅದರ ಪಾಲಿಗೇ ಬಂದಿದೆ.