ಅಜ್ಜಿಮನೆ ರಜೆಯ ಜಮಾಖರ್ಚು

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ. ಆ ದಿನಗಳಲ್ಲಿ ಮೊಮ್ಮಕ್ಕಳನ್ನು ಅಜ್ಜಿಮನೆಗೆ, ಅದರಲ್ಲೂ ತಾಯಿಯ ತವರಿಗೆ ಕಳಿಸುವ ರೂಢಿ ರಾಜ್ಯದ ಎಲ್ಲ ಭಾಗಗಳಲ್ಲೂ ಇದೆ. ಹೋಟೆಲು, ಸಿನಿಮಾ, ಪ್ರವಾಸಗಳ ಗೊಡವೆಯಿಲ್ಲದೆ ಮನೆಯಡುಗೆ ಉಂಡು, ಮನೆಯಂಗಳದಲ್ಲಿ ಆಡಿ ರಜೆ ಕಳೆಯುವ ಈ ಪದ್ಧತಿಯನ್ನು ನೆನಪಿನ ಬರಹಗಳು ಬೇಕಾದಷ್ಟು ಹೊಗಳಿವೆ. ಮಿತವ್ಯಯದ ಸಂಸಾರಕ್ರಮವಾಗಿ ಅದನ್ನು ತೂಗಿ ನೋಡಿದ್ದು ಕಡಿಮೆ. ತೂಗಿದರೆ ಅಗ್ಗವೆಂಬ ಮಾತು ನಿಜವೇ. ಆದರೆ ಆ ಅಗ್ಗ ಎರಡು ಕಡೆಯಿಂದ ಬರುತ್ತದೆ: ಕೈಲಿರುವ ವಸ್ತುವನ್ನು ಪೂರ್ತಿ ಬಳಸುವ ಜಾಣತನದಿಂದ ಸ್ವಲ್ಪ, ಯಾರೂ ಕೂಲಿ ಕಟ್ಟದ ಹೆಂಗಸರ ದುಡಿಮೆಯಿಂದ ಬಹಳ. ಹೊಗಳಿಕೆಯಲ್ಲಿ ಈ ಎರಡೂ ಒಂದರೊಳಗೊಂದು ಕಲಸಿಹೋಗಿವೆ.

ಜಾಣತನ ಎದ್ದು ಕಾಣುವುದು ಅಡುಗೆಮನೆಯಲ್ಲಿ. ಹಳೇ ಮೈಸೂರು ಸೀಮೆಯ ಬಸ್ಸಾರನ್ನೇ ತೆಗೆದುಕೊಳ್ಳಬಹುದು. ಹಲಸಂದೆಯನ್ನೋ ತೊಗರಿಬೇಳೆಯನ್ನೋ ಮುಕ್ಕಾಲು ಬೇಯಿಸಿ, ಹೆಚ್ಚಿದ ದಂಟಿನ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟನ್ನು ಬಸಿದುಕೊಳ್ಳುತ್ತಾರೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಸೆಹಣ್ಣಿನ ಜೊತೆಗೆ ಬೆಂದ ಕಾಳು-ಸೊಪ್ಪನ್ನೂ ಒಂದು ಹಿಡಿ ಸೇರಿಸಿ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ ಸಿದ್ಧ, ನೀರಿಗಿಳಿದ ಸತ್ವವೂ ಹೊಟ್ಟೆಗೇ ಹೋಗುತ್ತದೆ. ಮಾರನೆಯ ದಿನ ಗಟ್ಟಿಯಾದ ಬಸ್ಸಾರಿಗೆ ರುಚಿ ಇನ್ನೂ ಹೆಚ್ಚು, ಹಾಗಾಗಿ ಉಳಿದರೂ ಚಿಂತೆಯಿಲ್ಲ. ಜೊತೆಗೆ ರಾಗಿ ಮುದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಬೆಳೆಯುವ ಮಕ್ಕಳಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಊಟ ಹುಡುಕುವುದು ಕಷ್ಟ.

ಉತ್ತರ ಕರ್ನಾಟಕದಲ್ಲಿ ಇದೇ ಬುದ್ಧಿ ಜೋಳದ ರೊಟ್ಟಿಯ ಸುತ್ತ ಕೆಲಸ ಮಾಡುತ್ತದೆ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಮೊಸರು ಇದ್ದರೆ ಯಾವ ಹೊತ್ತಿಗಾದರೂ ಊಟ ಆದಂತೆಯೇ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಉಪ್ಪು, ಎಣ್ಣೆಯೊಂದಿಗೆ ಕುಟ್ಟಿ ಉಂಡೆ ಮಾಡಿಕೊಟ್ಟರೆ ಮುಟಗಿ. ಮಲೆನಾಡು, ಕರಾವಳಿಗಳಲ್ಲಿ ಈ ಪಾತ್ರ ಹಲಸಿನದು. ಎಳೆಯ ಗುಜ್ಜೆ ಪಲ್ಯಕ್ಕೆ, ಬಲಿತದ್ದು ಹಪ್ಪಳಕ್ಕೆ, ಹಣ್ಣು ಕಡುಬಿಗೆ, ಬೀಜ ಸಾರಿಗೆ, ರಚ್ಚೆ ದನಕ್ಕೆ. ಹೀರೆಕಾಯಿ ಸಿಪ್ಪೆಯ ಚಟ್ನಿ, ಹಿತ್ತಲಿನ ಒಂದೆಲಗದ ತಂಬುಳಿ ಇವೂ ಇದೇ ಸಾಲಿನವು. ಇವುಗಳಲ್ಲಿ ಯಾವುದೂ ಬಡತನದ ಅಡುಗೆಯೆಂಬ ಮುಜುಗರ ಹುಟ್ಟಿಸುವುದಿಲ್ಲ. ಉಳಿತಾಯಕ್ಕೆಂದು ಕಂಡುಕೊಂಡದ್ದು ರುಚಿಗಾಗಿಯೇ ಉಳಿದುಕೊಂಡಿದೆ.

ಇದೇ ಅಡುಗೆಮನೆಯ ದುಬಾರಿ ಮುಖ ಕುರುಕಲು ತಿಂಡಿಯ ಡಬ್ಬಿ. ಮೊಮ್ಮಕ್ಕಳು ಬರುತ್ತಾರೆಂದರೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ರವೆಉಂಡೆ ಆಗಲೇಬೇಕು. ಎಣ್ಣೆ, ತುಪ್ಪ, ಸಕ್ಕರೆಗಳಿಗೆ ರೊಕ್ಕ ಕೊಡಬೇಕು. ಊಟಕ್ಕೆ ಮೊದಲೇ ಮಕ್ಕಳ ಹೊಟ್ಟೆ ತುಂಬಿರುತ್ತದೆ. ಮನೆಯಲ್ಲೇ ಕರಿದದ್ದೆಂಬ ಕಾರಣಕ್ಕೆ ಇದು ಆರೋಗ್ಯಕರವಾಗಿಬಿಡುವುದಿಲ್ಲ. ಹೋಲಿಸಿದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಹಚ್ಚಿದ ಅವಲಕ್ಕಿ, ಗಿರ್ಮಿಟ್ ಎಷ್ಟೋ ವಾಸಿ. ಬಾಣಲೆಯ ಮುಂದೆ ಅರ್ಧ ದಿನ ನಿಲ್ಲುವ ಕೆಲಸವೂ ತಪ್ಪುತ್ತದೆ.

ಹಪ್ಪಳ-ಸಂಡಿಗೆಯ ವಿಷಯ ಬೇರೆ. ಪದ್ಧತಿಯ ಸೊಗಸೂ ಸಿಕ್ಕೂ ಒಟ್ಟಿಗೆ ಸಿಗುವುದು ಇಲ್ಲೇ. ಮಲೆನಾಡಿನ ಮನೆಯೊಂದರಲ್ಲಿ ಹಲಸಿನಕಾಯಿ ಹಪ್ಪಳದ ದಿನವೆಂದರೆ, ಹಿರಿಯರು ಕೈಗೆ ಎಣ್ಣೆ ಸವರಿಕೊಂಡು ಕಾಯಿ ಕೊಯ್ದು ತೊಳೆ ಬಿಡಿಸುತ್ತಾರೆ. ಅದನ್ನು ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸಿನಪುಡಿ, ಜೀರಿಗೆ ಹಾಕಿ ನೀರು ಸೋಕಿಸದೆ ರುಬ್ಬುವುದು ಒಲೆಯ ಬಳಿಯ ಕೆಲಸ. ಆಮೇಲಿನದೆಲ್ಲ ಮಕ್ಕಳದು. ಐದು ವರ್ಷದ ಮಗು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಬಲ್ಲದು. ಅದರ ಅಣ್ಣ ಎಣ್ಣೆ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆಯಿಟ್ಟು ಮಣೆಯಿಂದ ಒತ್ತುತ್ತಾನೆ. ಅಕ್ಕ ಅದನ್ನು ಹರಿಯದಂತೆ ಬಿಡಿಸಿ ಚಾಪೆಗೆ ಹಾಕುತ್ತಾಳೆ. ಕಾಗೆ ಓಡಿಸಲು ಕೋಲು ಹಿಡಿದು ನೆರಳಲ್ಲಿ ಕೂರುವ ಹುದ್ದೆಗೆ ಪೈಪೋಟಿ. ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಎಲ್ಲರೂ ತಿನ್ನುವುದರಿಂದ ಹಪ್ಪಳದ ಲೆಕ್ಕ ತಪ್ಪುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಈ ಹಪ್ಪಳ ಅಗ್ಗವೇ? ಹಲಸು ಹಿತ್ತಲಿನದಾದ್ದರಿಂದ ಕೈಬಿಟ್ಟು ಹೋಗುವ ಹಣ ಬಹಳ ಕಡಿಮೆ. ಆದರೆ ಇಬ್ಬರು ಹೆಂಗಸರ ಒಂದು ಇಡೀ ದಿನಕ್ಕೆ ಕೃಷಿಕೂಲಿಯ ದರದಲ್ಲೇ ಬೆಲೆ ಕಟ್ಟಿದರೂ ಅಂಗಡಿಯ ಹಪ್ಪಳವೇ ಅಗ್ಗವೆಂದು ತೇಲುತ್ತದೆ. ಹಾಗಾಗಿ ಹಪ್ಪಳ ಮಾಡುವುದನ್ನು ಉಳಿತಾಯದ ಬಾಬತ್ತಿನಲ್ಲಿ ಬರೆಯುವುದೇ ತಪ್ಪು. ಮಕ್ಕಳ ಮನರಂಜನೆಯ ಬಾಬತ್ತಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ: ನಾಲ್ಕಾರು ಮಕ್ಕಳನ್ನು ಬೆಳಗಿನಿಂದ ಸಂಜೆಯವರೆಗೆ ಖುಷಿಯಾಗಿ ಹಿಡಿದಿಡುವ ಆಟ, ಜೊತೆಗೆ ಮಳೆಗಾಲಕ್ಕೆ ಒಂದು ಡಬ್ಬಿ ಹಪ್ಪಳ. ಮಕ್ಕಳು ಟಿವಿ ಮುಂದೆ ಕೂತು ಅಜ್ಜಿಯೊಬ್ಬಳೇ ಹಪ್ಪಳ ಒತ್ತುವ ಮನೆಯಲ್ಲಿ ಆಟವೂ ಇಲ್ಲ, ಉಳಿತಾಯವೂ ಇಲ್ಲ. ದುಡಿಮೆ ಮಾತ್ರ ಇದೆ.

ಆಟಗಳಲ್ಲಿ ಮೊದಲ ಸ್ಥಾನ ಚೌಕಾಬಾರಕ್ಕೆ ಸಲ್ಲಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ತೇದು ಒಂದು ಪಕ್ಕ ಬಿಳಿ ಮಾಡಿಕೊಂಡರಾಯಿತು. ಕಾಯಿಗೆ ಬಳೆಚೂರು, ಅವರೆಬೀಜ, ಗುಂಡಿ ಏನಾದರೂ ನಡೆಯುತ್ತದೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕಟ್ಟೆಯಲ್ಲಿ ಕೂತ ಕಾಯನ್ನು ಹೊಡೆಯುವಂತಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು. ಗರ ಬೀಳುವುದು ಅದೃಷ್ಟ, ಯಾವ ಕಾಯಿ ನಡೆಸಬೇಕೆಂಬುದು ಲೆಕ್ಕಾಚಾರ. ಇವೆರಡರ ಹದವಾದ ಬೆರಕೆಯಿಂದಾಗಿ ಏಳು ವರ್ಷದ ಮೊಮ್ಮಗಳೂ ಎಪ್ಪತ್ತರ ಅಜ್ಜನೂ ಸಮಸಮ ಕೂತು ಆಡಬಹುದು, ಮೊಮ್ಮಗಳು ಗೆಲ್ಲಲೂಬಹುದು. ಅಜ್ಜ ಬೇಕೆಂದೇ ಸೋಲಬೇಕಾದ ನಾಟಕವಿಲ್ಲ.

ಅಳಗುಳಿಮಣೆ ಇಷ್ಟು ಉದಾರವಾದ ಆಟವಲ್ಲ. ಹದಿನಾಲ್ಕು ಗುಳಿಗಳಲ್ಲಿ ಕಾಳು ಹಂಚುತ್ತ ಹೋಗುವ ಅದರಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಎಣಿಕೆ ಬಲ್ಲ ಅಜ್ಜಿಯ ಮುಂದೆ ಮೊಮ್ಮಗ ಸೋಲುತ್ತಲೇ ಇರುತ್ತಾನೆ. ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನು ಕಲಿಸುವ ಶಕ್ತಿ ಮಾತ್ರ ಚೌಕಾಬಾರಕ್ಕಿಂತ ಹೆಚ್ಚು. ತುಳುನಾಡಿನಲ್ಲಿ ಚೆನ್ನೆಮಣೆ ಎಂದು ಕರೆಯುವ ಇದನ್ನು ಸಂಪ್ರದಾಯವಾಗಿ ಆಡುತ್ತಿದ್ದುದು ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ, ಬೇಸಿಗೆಯಲ್ಲಲ್ಲ. ಇಂಥ ಆಟಗಳು ಬಡವರ ಕಾಲಹರಣವಷ್ಟೇ ಆಗಿರಲಿಲ್ಲ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿಯಿಟ್ಟು ಹೊಸ ಆಟಗಳನ್ನು ರಚಿಸಿದ್ದರು. ಅವರ ಕಾಲದ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳಿಗೂ ಸ್ಥಳವಿದೆ.

ಅಂಗಳದ ಆಟಗಳಾದ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಮರಕೋತಿಗಳಿಗೆ ದುಡ್ಡು ಬೇಡ, ಜಾಗ ಮತ್ತು ಜನ ಬೇಕು. ಮನೆಗೆ ಒಂದೇ ಮಗು ಇರುವ ಊರುಗಳಲ್ಲಿ ಜಾಗವಿದ್ದರೂ ಲಗೋರಿಗೆ ತಂಡ ಕೂಡುವುದಿಲ್ಲ. ಹುಡುಗರು ಹೊತ್ತು ಮುಳುಗುವವರೆಗೆ ಬಯಲಲ್ಲಿದ್ದರೆ ಅದೇ ವಯಸ್ಸಿನ ಹುಡುಗಿಯನ್ನು ಲೋಟ ತೊಳೆಯಲು ಒಳಗೆ ಕರೆಯುವ ಅಭ್ಯಾಸವೂ ಪೂರ್ತಿ ಅಳಿದಿಲ್ಲ. ಇನ್ನೂ ಗಂಭೀರವಾದದ್ದು ನೀರಿನ ಅಪಾಯ. ಕೆರೆ, ಬಾವಿ, ಕೃಷಿಹೊಂಡಗಳಲ್ಲಿ ಈಜು ಬಾರದ ಮಕ್ಕಳು ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಏರಿ ಜಾರುತ್ತದೆ, ಬಿದ್ದವರಿಗೆ ಹಿಡಿದು ಹತ್ತಲು ಆಸರೆ ಸಿಗುವುದಿಲ್ಲ. ‘ಊರಲ್ಲವೇ, ಆಡಿಕೊಳ್ಳಲಿ’ ಎಂಬ ಮಾತು ಇಲ್ಲಿ ಸಲ್ಲದು. ಕಾಯುವ ಒಬ್ಬ ದೊಡ್ಡವರ ಸಮಯವನ್ನೂ ಖರ್ಚಿಗೆ ಸೇರಿಸಿಯೇ ನೀರಾಟದ ಬೆಲೆ ಕಟ್ಟಬೇಕು.

ದುಡಿಮೆಯ ಲೆಕ್ಕ ಇನ್ನಷ್ಟು ಇರುಸುಮುರುಸಿನದು. ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರಲ್ಲಿ ಆ ಕೆಲಸಕ್ಕೆ ಕೈಹಚ್ಚುವವರೇ ಕಡಿಮೆ, ಹಚ್ಚಿದವರದು 97 ನಿಮಿಷ. ಇದು ವರ್ಷದ ಸರಾಸರಿ. ಮನೆಗೆ ಇನ್ನೂ ನಾಲ್ಕು ಮಕ್ಕಳು ಬಂದು ಸೇರಿದ ಏಪ್ರಿಲ್-ಮೇಯಲ್ಲಿ ಈ ಹೊರೆ ಇಳಿಯುವ ಮಾತೇ ಇಲ್ಲ. ಹೆಸರು ಅಜ್ಜಿಯದಾದರೂ ಎಷ್ಟೋ ಮನೆಗಳಲ್ಲಿ ರೊಟ್ಟಿ ತಟ್ಟುವುದು, ಬಟ್ಟೆ ಒಗೆಯುವುದು, ಹಾಸಿಗೆ ಹಾಸುವುದು ಅತ್ತೆ, ಅಂದರೆ ಸೋದರಮಾವನ ಹೆಂಡತಿ. ಅವಳು ತನ್ನ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವುದು ಈ ಮಕ್ಕಳು ಊರಿಗೆ ಹೊರಟ ಮೇಲೆ, ರಜೆ ಉಳಿದಿದ್ದರೆ. ಅಜ್ಜಿಮನೆಯ ನೆನಪುಗಳಲ್ಲಿ ಅತ್ತೆಯ ಪಾತ್ರ ಬಹುಮಟ್ಟಿಗೆ ಒಂದೆರಡು ಸಾಲಿನದು.

ಇದರ ಎದುರಿಗೆ ನಗರದ ಬೇಸಿಗೆ ಶಿಬಿರಗಳಿವೆ. ಅವುಗಳ ಶುಲ್ಕ ನೋಡಿದರೆ ಅಜ್ಜಿಮನೆಯೇ ವಾಸಿ ಎನ್ನಿಸುವುದು ಸಹಜ, ಆದರೆ ಅಗ್ಗದ ಸಾರ್ವಜನಿಕ ದಾರಿಗಳೂ ಇಲ್ಲದಿಲ್ಲ. ಮೈಸೂರಿನ ರಂಗಾಯಣ ನಡೆಸುವ ಚಿಣ್ಣರ ಮೇಳ, ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಮಕ್ಕಳಿಗೆ ಅಜ್ಜಿಮನೆ ಕೊಡಲಾಗದ ಕೆಲವನ್ನು ಕೊಡುತ್ತವೆ: ಹೊರಗಿನ ಗೆಳೆತನ, ಪುಸ್ತಕ, ನಾಟಕ. ಹಳ್ಳಿಯ ಅರಿವು ಕೇಂದ್ರಕ್ಕೆ ಮಧ್ಯಾಹ್ನ ಎರಡು ತಾಸು ಮಕ್ಕಳನ್ನು ಕಳಿಸಿದರೆ ಅಜ್ಜಿಗೂ ಅತ್ತೆಗೂ ಕಾಲು ಚಾಚಲು ಹೊತ್ತು ಸಿಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗಿಲ್ಲ.

ಹೋಗಿಬರುವ ಖರ್ಚು 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗಿನಿಂದ ಇಳಿದಿದೆ. ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ತಾಯಿಗೂ ಮಗಳಿಗೂ ಟಿಕೆಟ್ ಹಣವಿಲ್ಲ. ಮಗನಿಗೆ ಆರರಿಂದ ಹನ್ನೆರಡು ವರ್ಷದವರೆಗೆ ಅರ್ಧ ಟಿಕೆಟ್, ಆಮೇಲೆ ಪೂರ್ತಿ. ಆದರೂ ಭೇಟಿಗಳು ಚಿಕ್ಕವಾಗುತ್ತಿವೆ. ಟ್ಯೂಷನ್, ಕೋಚಿಂಗ್, ತಂದೆತಾಯಿಯ ರಜೆಯ ಕೊರತೆಯಿಂದ ಎಷ್ಟೋ ಮಕ್ಕಳ ಅಜ್ಜಿಮನೆ ವಾಸ ಮೂರು-ನಾಲ್ಕು ದಿನಕ್ಕೆ ಇಳಿದಿದೆ. ಮಿತವ್ಯಯಕ್ಕೆ ಇದು ದೊಡ್ಡ ಹೊಡೆತ. ಮೂರು ದಿನಕ್ಕೆ ಬಂದವರು ನೆಂಟರು. ಅವರಿಗೆ ಒಬ್ಬಟ್ಟು, ಕೋಳಿಸಾರು, ಹೊಸ ಬಟ್ಟೆ, ಹೊರಡುವಾಗ ಕೈಗೆ ನೋಟು. ಬಸ್ಸಾರು-ಮುದ್ದೆಯ ಸರದಿ ಬರುವುದು ಎರಡನೇ ವಾರಕ್ಕೆ, ಮಕ್ಕಳು ತಟ್ಟೆ ತಾವೇ ತೊಳೆದು, ಗಿಡಕ್ಕೆ ನೀರು ಹಾಕಿ, ಕಾಳು ಸುಲಿಯಲು ಕೂರುವುದೂ ಆಗಲೇ. ಬೆಂಗಳೂರಿನ ಫ್ಲಾಟಿಗೆ ಅಜ್ಜಿಯನ್ನೇ ಕರೆಸಿಕೊಳ್ಳುವ ಮನೆಗಳಲ್ಲಿ ಹಪ್ಪಳಕ್ಕೆ ಬಿಸಿಲಿಲ್ಲ, ಲಗೋರಿಗೆ ಬಯಲಿಲ್ಲ. ಚೌಕಾಬಾರಕ್ಕೆ ಮಾತ್ರ ಹಾಲ್‌ನ ನೆಲ ಸಾಕು, ಸೀಮೆಸುಣ್ಣದ ಗೆರೆ ಒರೆಸಿದರೆ ಹೋಗುತ್ತದೆ.